ಗುಂಡು ಮನೆ ಬಿಚ್ಚಿದವಳು

ಬೋಲ್ಟಕ್ಕನ ಮನೆ ಬಾಗಿಲಿಗೆ ಒಂದೇ ಬೆಳಿಗ್ಗೆ ಎರಡು ಕಾಗದ ಅಂಟಿಸಿ ಹೋದರು. ಮೊದಲನೆಯದು ಹಳದಿ: ಈ ಮನೆ ಅಪರೂಪದ್ದು, ಸಂರಕ್ಷಿತವಾದದ್ದು, ಇದಕ್ಕೆ ಮೊಳೆ ಹೊಡೆಯುವುದಾಗಲಿ ಬಣ್ಣ ಬಳಿಯುವುದಾಗಲಿ ಅಪರಾಧ. ಎರಡನೆಯದು ಬಿಳಿ: ಇದರಲ್ಲಿ ವಾಸವಿರುವವರು ಮೂವತ್ತು ದಿನದೊಳಗೆ ಖಾಲಿ ಮಾಡತಕ್ಕದ್ದು. ಅಂಟಿಸಿದವನು ಒಬ್ಬನೇ, ಗೋಂದಿನ ಡಬ್ಬಿಯೂ ಒಂದೇ.

ಅವಳು ಎರಡನ್ನೂ ಗಟ್ಟಿಯಾಗಿ ಓದಿದಳು. ಒಳಗೆ ಮೊಟ್ಟೆಯಾಕಾರದ ಕಿಟಕಿಯ ಪಕ್ಕ ಕೂತು ಅಂಗಿಗೆ ಗುಂಡಿ ಹೊಲಿಯುತ್ತಿದ್ದ ಅತ್ತೆಗೆ ಒಂದು ಕಿವಿ ಪೂರ್ತಿ ಮಂದ.

"ಮನೆ ಉಳಿಸ್ತಾರಂತಾ? ಒಳ್ಳೇದಾಯ್ತಲ್ಲ" ಎಂದಳು ಮುದುಕಿ.

"ಮನೆ ಉಳಿಸ್ತಾರೆ ಅತ್ತೆ. ನಮ್ಮನ್ನ ಕಸದ ಜೊತೆ ಗುಡಿಸಿ ಹಾಕ್ತಾರೆ."

ಆ ಮನೆಗಳ ಕತೆಯನ್ನು ಮೊದಲು ಹೇಳಿಬಿಡಬೇಕು. ಊರಾಚೆಯ ಬೋಳುಗುಡ್ಡದ ಮೇಲೆ ಸೈನ್ಯದ ಒಂದು ಠಾಣ್ಯವಿತ್ತು. ಆಕಾಶಕ್ಕೆ ಕಿವಿಗೊಟ್ಟು ಕೂರುವ ಯಂತ್ರಗಳು, ಮುಳ್ಳುತಂತಿ, ಕಾವಲು ಗೋಪುರ. ನಲವತ್ತೊಂದು ವರ್ಷದ ಹಿಂದೆ ಅಲ್ಲಿಗೆ ಲಾರಿಗಳಲ್ಲಿ ಕಿತ್ತಳೆ ತೊಳೆಗಳ ಹಾಗಿದ್ದ ಆಳೆತ್ತರದ ಫೈಬರ್ ತುಂಡುಗಳು ಬಂದಿಳಿದವು. ಒಂದು ಮನೆಗೆ ಹದಿನಾರು ತೊಳೆ. ಮೇಲೆ ಎಂಟು, ಕೆಳಗೆ ಎಂಟು. ಕಬ್ಬಿಣದ ನಾಲ್ಕು ಕಾಲಿನ ಮೇಲೆ ಒಂದು ಬಳೆ, ಆ ಬಳೆಯೊಳಗೆ ತೊಳೆಗಳನ್ನು ಜೋಡಿಸಿ ಬಿಗಿದರೆ ಮನೆ ಸಿದ್ಧ. ಬಾಗಿಲು ಕೆಳಕ್ಕೆ ತೆರೆದುಕೊಂಡು ತಾನೇ ಮೆಟ್ಟಿಲಾಗುತ್ತಿತ್ತು. ಮುಂದಿನ ಕಾಲದ ಜನ ಇಂಥದ್ದರಲ್ಲೇ ಇರುತ್ತಾರೆ ಎಂದು ಅದನ್ನು ರೂಪಿಸಿದವನು ನಂಬಿದ್ದನಂತೆ. ಊರಿನವರು ಮಾತ್ರ ಅದನ್ನು ಗುಂಡು ಮನೆ ಎಂದರು. ಮುಂದಿನ ಕಾಲದ ಗೊಡವೆಗೆ ಯಾರೂ ಹೋಗಲಿಲ್ಲ.

ಅಂಥ ಎಂಟು ಮನೆಗಳನ್ನು ಜೋಡಿಸಿದ ತಂಡದಲ್ಲಿ ಇಪ್ಪತ್ತೆರಡು ವರ್ಷದ ಒಬ್ಬ ಹುಡುಗಿ ಇದ್ದಳು. ಮೇಸ್ತ್ರಿ ಹೊರಗೆ ನಿಂತು ಕೂಗುತ್ತಿದ್ದ; ಇವಳು ಸಣ್ಣ ಮೈಯವಳಾದ್ದರಿಂದ ಒಳಗಿನ ಇಕ್ಕಟ್ಟಿನಲ್ಲಿ ತೂರಿ ಬಿಗಿಯುತ್ತಿದ್ದಳು. ಸಂಜೆ ಬೋಲ್ಟುಗಳನ್ನು ಎಣಿಸಿ ಡಬ್ಬಿಗೆ ಹಾಕದೆ ಮನೆಗೆ ಹೊರಡುತ್ತಿರಲಿಲ್ಲ. ಒಂದು ದಿನ ಒಂದು ಕಡಿಮೆಯಾಯಿತೆಂದು ಇಡೀ ತಂಡವನ್ನು ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂರಿಸಿ ಹುಡುಕಿಸಿದಳು. ಅಂದಿನಿಂದ ಅವಳು ಬೋಲ್ಟಕ್ಕ. ತಂದೆತಾಯಿ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿಯಿತು.

ಅಧಿಕಾರಿಗಳು ಆ ಮನೆಗಳಲ್ಲಿ ಆರು ತಿಂಗಳೂ ಬಾಳಲಿಲ್ಲ. ಬಿಸಿಲಿಗೆ ಒಲೆಯಂತೆ ಕಾಯುತ್ತದೆ, ಚಳಿಗೆ ಕೊರೆಯುತ್ತದೆ, ಗೋಡೆಗೆ ಬೀರು ಒತ್ತಿ ಇಡಲು ಒಂದು ಮೂಲೆಯಿಲ್ಲ, ಗಂಡ ಹೆಂಡತಿ ಪಿಸುಗುಟ್ಟಿದ್ದು ಸುತ್ತು ಹಾಕಿ ಬಂದು ಮಗುವಿನ ಕಿವಿಗೇ ಬೀಳುತ್ತದೆ. ಅವರು ಕಾಂಕ್ರೀಟ್ ಮನೆಗಳಿಗೆ ಹೋದರು. ಗುಂಡು ಮನೆಗಳು ಅಡುಗೆಯವರಿಗೆ, ಚಾಲಕರಿಗೆ, ರಿಪೇರಿಯವರಿಗೆ ಇಳಿದು ಬಂದವು. ಲಾರಿ ಚಾಲಕನನ್ನು ಮದುವೆಯಾದ ಬೋಲ್ಟಕ್ಕ ಏಳನೇ ಮನೆಗೆ ಬಂದಳು. ಹಿಂದೆಯೇ ಅತ್ತೆಯೂ ಬಂದಳು.

ಇರಲಾಗದ ಮನೆಯನ್ನು ಇರುವಂಥದ್ದಾಗಿ ಮಾಡಿದ್ದು ಅವಳ ಕೈ. ಬಿರುಕು ಬಿಟ್ಟಲ್ಲಿ ಫೈಬರ್ ಬಟ್ಟೆ ಇಟ್ಟು ಅಂಟು ಬಳಿದಳು. ತೊಳೆಗಳ ನಡುವಿನ ರಬ್ಬರ್ ಪಟ್ಟಿ ಕರಗಿ ನೀರು ಸೋರಿದಾಗ ಗಂಡ ತಂದುಕೊಟ್ಟ ಲಾರಿ ಟ್ಯೂಬನ್ನು ಉದ್ದುದ್ದ ಕತ್ತರಿಸಿ ತುರುಕಿದಳು. ನೆತ್ತಿಯಲ್ಲಿ ತೂತು ಕೊರೆದು ಗಾಳಿಗೆ ದಾರಿ ಮಾಡಿದಳು. ಅವಳು ಒಳಗಿನ ಕೆಲಸದವಳು. ಹೊರಗೆ ಏಣಿ ಹಾಕಿ ಬಣ್ಣ ಬಳಿಯಲು ಇನ್ನೊಬ್ಬನಿದ್ದ. ಅವನು ಬಣ್ಣದಣ್ಣ, ನಾಲ್ಕನೇ ಮನೆಯವನು; ಅವಳಿಗಿಂತ ಆರು ವರ್ಷ ಕಿರಿಯ, ಬಾಯಿ ಮಾತ್ರ ಅವಳದಷ್ಟೇ ದೊಡ್ಡದು. ಮೂವತ್ತು ವರ್ಷ ಇಬ್ಬರೂ ಒಂದೇ ಗೋಡೆಯ ಎರಡು ಬದಿಯಿಂದ ಕಿತ್ತಾಡಿಕೊಂಡೇ ಕೆಲಸ ಮಾಡಿದರು.

ಠಾಣ್ಯ ಮುಚ್ಚಿತು. ಕೊನೆಯ ಕಮಾಂಡರು ಹೊರಡುವಾಗ, "ಮುಂದಿನ ಆದೇಶದವರೆಗೆ ಇವರು ಮನೆಗಳನ್ನು ನೋಡಿಕೊಂಡು ಇಲ್ಲೇ ಇರತಕ್ಕದ್ದು" ಎಂದು ಬರೆದುಕೊಟ್ಟು ಹೋದ. ಮುಂದಿನ ಆದೇಶ ಹನ್ನೊಂದು ವರ್ಷ ಬರಲೇ ಇಲ್ಲ. ಅಷ್ಟರಲ್ಲಿ ಬೋಲ್ಟಕ್ಕನ ಗಂಡ ತೀರಿಕೊಂಡ. ಅರ್ಧ ಜನ ಬೇರೆಡೆ ಹೋದರು. ಒಂದು, ನಾಲ್ಕು, ಆರು, ಏಳು, ಈ ನಾಲ್ಕು ಮನೆಗಳಲ್ಲಿ ಮಾತ್ರ ಒಲೆ ಉರಿಯುತ್ತಿತ್ತು. ಈಗ ಗುಡ್ಡವನ್ನು ಗೋದಾಮು ಕಟ್ಟುವವರಿಗೆ ಕೊಟ್ಟಾಗಿತ್ತು. ಗುಂಡು ಮನೆಗಳು ಪ್ರಪಂಚದಲ್ಲೇ ಕೆಲವೇ ಉಳಿದಿವೆ ಎಂದು ಯಾರಿಗೋ ಹೊಳೆದು, ಬಿಚ್ಚಿ ನಗರದ ವಸ್ತುಸಂಗ್ರಹಾಲಯದ ತೋಟಕ್ಕೆ ಒಯ್ಯುವುದೆಂದು ತೀರ್ಮಾನವಾಗಿತ್ತು.

ಕಾಗದ ಅಂಟಿದ ಮೂರನೇ ದಿನ ವಸ್ತುಸಂಗ್ರಹಾಲಯದ ಮೇಡಂ ಬಂದರು. ಕುತ್ತಿಗೆಯಲ್ಲಿ ಕ್ಯಾಮರಾ, ಮುಖದಲ್ಲಿ ಹಬ್ಬದ ಕಳೆ. ಮನೆಯ ಹೊಟ್ಟೆಯ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿದರು. ಬೋಲ್ಟಕ್ಕ ಮೆಟ್ಟಿಲ ಮೇಲೆ ನಿಂತು ನೋಡಿದಳು.

"ಎಷ್ಟು ಸುಂದರ ಅಲ್ವಾ ಅಮ್ಮಾ?"

"ಜೋರು ಗಾಳಿ ಬಂದಾಗ ಬನ್ನಿ, ತೋರಿಸ್ತೀನಿ ಸುಂದರಾನ."

ಮೇಡಂ ನಕ್ಕರು. ಫೋಟೋ ತೆಗೆಯಬೇಕಾಗಿತ್ತು. "ಒಂದು ಸಣ್ಣ ಸಹಾಯ. ಈ ಒಗೆದ ಬಟ್ಟೆ, ಹಗ್ಗ, ಈ ಬಕೆಟ್ಟು, ಮತ್ತೆ ಅಜ್ಜೀನ… ಐದು ನಿಮಿಷ ಆ ಕಡೆ ಇಟ್ಕೊಳ್ತೀರಾ? ಮನೆಯೊಂದೇ ಕಾಣಬೇಕು."

ಬೋಲ್ಟಕ್ಕನಿಗೆ ಮೈಯೆಲ್ಲ ಉರಿಯಿತು. "ಅಜ್ಜಿ ಬಕೆಟ್ಟಲ್ಲ ಮೇಡಂ, ಎತ್ತಿಡೋಕೆ. ಮನೆ ಬಿಚ್ಚಿ ಒಯ್ದಮೇಲೆ ನಾವೆಲ್ಲಿಗೆ ಹೋಗ್ಬೇಕು ಅಂತ ಮೊದಲು ಹೇಳಿ."

ಮೇಡಂ ಮುಖ ಸಪ್ಪಗಾಯಿತು. ಅದು ಬೇರೆ ಇಲಾಖೆಯ ಕೆಲಸ ಎಂದರು. ಆ ಇಲಾಖೆಗೆ ಬೋಲ್ಟಕ್ಕ ಮರುದಿನವೇ ಹೋದಳು. ಅಲ್ಲಿನ ಗುಮಾಸ್ತ ಪಟ್ಟಿ ತೆಗೆದು, ಬೆರಳು ಇಳಿಸಿ, ಅವಳಿಗೆ ಒಂಟಿ ಹೆಂಗಸರ ವಸತಿಯಲ್ಲಿ ಒಂದು ಮಂಚ, ಅತ್ತೆಗೆ ನಗರದ ಇನ್ನೊಂದು ತುದಿಯ ವೃದ್ಧರ ವಾರ್ಡಿನಲ್ಲಿ ಒಂದು ಮಂಚ ಎಂದ. ಬಣ್ಣದಣ್ಣನ ಸಂಸಾರದ ಹೆಸರು ಪಟ್ಟಿಯಲ್ಲೇ ಇರಲಿಲ್ಲ.

"ಮನೆಗಳನ್ನ ಎಲ್ಲಿಡ್ತಾರೆ ಗೊತ್ತೇನ್ರೀ ನಿಮಗೆ?" ಎಂದು ಕೇಳಿದಳು ಬೋಲ್ಟಕ್ಕ. "ಎಂಟನ್ನೂ ಒಟ್ಟಿಗೆ ಇಡ್ತಾರಂತೆ. ಬೇರೆ ಬೇರೆ ಮಾಡಿದ್ರೆ ಅವುಗಳ ಬೆಲೆ ಹೋಗುತ್ತಂತೆ. ಫೈಬರಿಗೆ ಅಷ್ಟು ಮರ್ಯಾದೆ! ನನ್ನ ಅತ್ತೆಗೆ ಸೊಸೆ ಒಂದು ಕಡೆ, ತಾನೊಂದು ಕಡೆ!"

ಗುಮಾಸ್ತ ಫ್ಯಾನಿನ ವೇಗ ಹೆಚ್ಚಿಸಿದ.

ಇನ್ನೊಂದು ವಾರಕ್ಕೆ ಗುತ್ತಿಗೆದಾರ ಕ್ರೇನು ತಂದು ಖಾಲಿಯಿದ್ದ ಎರಡನೇ ಮನೆಗೆ ಕೈ ಹಾಕಿದ. ಆಳುಗಳು ಸುತ್ತ ಮೂರು ಸಲ ತಿರುಗಿದರು. ಹೊರಗೆಲ್ಲೂ ಒಂದು ಬೋಲ್ಟಿನ ತಲೆಯೂ ಇಲ್ಲ. ನಕ್ಷೆಗಳು ಸೈನ್ಯದ ಯಾವ ಕಪಾಟಿನಲ್ಲಿ ಹುಳ ತಿನ್ನುತ್ತಿದ್ದವೋ. ಗುತ್ತಿಗೆದಾರ ಸ್ವಲ್ಪ ಹೊತ್ತು ತಲೆ ಕೆರೆದುಕೊಂಡು, ಕಡೆಗೆ ಕೊಯ್ಯುವ ಗ್ರೈಂಡರ್ ಹಚ್ಚಿಸಿದ.

ಹಲ್ಲು ಜುಮ್ಮೆನ್ನಿಸುವ ಆ ಸದ್ದು ಕೇಳಿ ಬೋಲ್ಟಕ್ಕ ಬರಿಗಾಲಲ್ಲಿ ಓಡಿದಳು. ಅವಳು ಮುಟ್ಟುವಷ್ಟರಲ್ಲಿ ಒಂದು ತೊಳೆ ಅಂಚಿನಿಂದ ಅಂಚಿಗೆ ಸೀಳಿಹೋಗಿತ್ತು. ಬಿಳಿ ಪುಡಿ ಎಲ್ಲರ ಹುಬ್ಬಿನ ಮೇಲೆ ಕೂತಿತ್ತು.

"ನಿಲ್ಸೋ! ಕಟುಕರಾ! ಇದೇನು ಕುಂಬಳಕಾಯಿ ಅನ್ಕೊಂಡ್ರಾ?"

ಗುತ್ತಿಗೆದಾರ ಯಂತ್ರ ನಿಲ್ಲಿಸಿದ. ಒರಟ, ಆದರೆ ಪೆದ್ದನಲ್ಲ. "ಬೋಲ್ಟ್ ಎಲ್ಲಿವೆ ಅಂತ ನಿಮಗ್ಗೊತ್ತಾ ಅಮ್ಮಾ?"

ಗೊತ್ತಿತ್ತು. ಒಳಗಿನ ಹೊದಿಕೆಯ ಹಿಂದೆ, ಪ್ರತಿ ಸಂದಿನಲ್ಲಿ ಹನ್ನೊಂದು. ಯಾವುದನ್ನು ಮೊದಲು, ಯಾವುದನ್ನು ಕೊನೆಗೆ ಎನ್ನುವುದೂ ಗೊತ್ತಿತ್ತು. ಮೇಸ್ತ್ರಿಯ ಕಾಲದಲ್ಲಿ ಮೂರು ಮನೆಗಳನ್ನು ಗುಡ್ಡದ ಆ ತುದಿಯಿಂದ ಈ ತುದಿಗೆ ಬಿಚ್ಚಿ ತಂದವಳು ಅವಳೇ. ಮಾತು ನಾಲಿಗೆಯ ತುದಿಗೆ ಬಂದಿತ್ತು. ಅವಳು ಬಾಯಿ ಮುಚ್ಚಿಕೊಂಡಳು.

ಸಂಜೆಗೆ ಮೇಡಂ ಓಡಿ ಬಂದರು. ಸೀಳಿದ ತೊಳೆಯನ್ನು ಕಂಡು ಅವರ ಕಣ್ಣಲ್ಲಿ ನಿಜವಾಗಿಯೂ ನೀರು ಬಂತು. ಬೋಲ್ಟಕ್ಕನಿಗೆ ಅದನ್ನು ನೋಡಿ ಇನ್ನಷ್ಟು ಸಿಟ್ಟು ಬಂತು. ನಮಗಾಗಿ ಒಂದು ಹನಿ ಉದುರಲಿಲ್ಲವಲ್ಲ ಎಂದುಕೊಂಡಳು.

"ನೀವು ಹೇಳಿಕೊಟ್ರೆ ಉಳಿದ ಏಳಾದ್ರೂ ಉಳಿಯುತ್ತೆ ಅಮ್ಮಾ."

"ಹೇಳಿಕೊಡ್ತೀನಿ. ನಾಲ್ಕು ಸಂಸಾರಕ್ಕೂ ಒಂದೇ ಕಡೆ, ಬಾಗಿಲಿರೋ ಮನೆ ಕೊಡಿಸಿ. ಮಂಚ ಅಲ್ಲ, ಮನೆ."

"ಅದು ನನ್ನ ಕೈಲಿಲ್ಲ."

"ಹಾಗಾದ್ರೆ ಬೋಲ್ಟೂ ನನ್ನ ಕೈಲಿಲ್ಲ."

ಒಂಬತ್ತು ದಿನ ಕೆಲಸ ನಿಂತಿತು. ಕ್ರೇನು ಕತ್ತು ಬಗ್ಗಿಸಿಕೊಂಡು ನಿಂತೇ ಇತ್ತು. ಮೇಡಂ ಕಚೇರಿಯಿಂದ ಕಚೇರಿಗೆ ಅಲೆದರು. ಬೋಲ್ಟಕ್ಕ ಬೆಳಿಗ್ಗೆ ಎದ್ದು ಮೆಟ್ಟಿಲ ಮೇಲೆ ಕಾವಲು ಕೂತಳೆಂದರೆ ಊಟಕ್ಕೂ ಏಳುತ್ತಿರಲಿಲ್ಲ. ಇಷ್ಟು ವರ್ಷದಲ್ಲಿ ಮೊದಲ ಸಲ ತನ್ನ ಮಾತಿಗೆ ತೂಕ ಬಂದಿತ್ತು. ಆ ರುಚಿ ಅವಳಿಗೆ ಹತ್ತಿತು. ಅದನ್ನು ಗಮನಿಸಿದವಳು ಅತ್ತೆ ಒಬ್ಬಳೇ.

"ಸಿಟ್ಟು ಮಾಡ್ಕೋ ಕಣೇ, ಬೇಡ ಅನ್ನಲ್ಲ" ಎಂದಳು ಮುದುಕಿ. "ಆದರೆ ನೀನು ಅದರ ಮೇಲೆ ಕೂತಿದೀಯೋ, ಅದು ನಿನ್ನ ಮೇಲೆ ಕೂತಿದೆಯೋ, ನೋಡ್ಕೋ."

ಹತ್ತನೇ ದಿನ ಬೋಲ್ಟಕ್ಕ ಮತ್ತೆ ಆ ಇಲಾಖೆಗೆ ಹೋಗಿದ್ದಳು. ಗುತ್ತಿಗೆದಾರ ಬಣ್ಣದಣ್ಣನನ್ನು ಹಿಡಿದ. ಹೇಗೆ ಒಪ್ಪಿಸಿದನೋ, ಪಟ್ಟಿಯಲ್ಲಿ ಹೆಸರು ಸೇರಿಸುವುದಾಗಿ ಆಸೆ ತೋರಿಸಿದನೆಂದು ಬಣ್ಣದಣ್ಣನ ಹೆಂಡತಿ ಆಮೇಲೆ ಹೇಳಿದಳು. ಹೊದಿಕೆಯ ಹಿಂದೆ ಬೋಲ್ಟುಗಳಿವೆ ಎನ್ನುವುದು ಅವನಿಗೆ ಗೊತ್ತಿತ್ತು. ಆದರೆ ಅವನು ಜೀವಮಾನವೆಲ್ಲ ಹೊರಗಿನವನು. ಮೊದಲು ನಟ್ಟನಡುವೆ ಒಂದು ಕಂಬ ಕೊಟ್ಟು ನೆತ್ತಿಯನ್ನು ಎತ್ತಿ ಹಿಡಿಯಬೇಕು, ಆಮೇಲೆ ಎದುರುಬದುರಿನ ತೊಳೆಗಳನ್ನು ಜೋಡಿಯಾಗಿ ಸಡಿಲಿಸಬೇಕು ಎನ್ನುವುದು ಗೊತ್ತಿರಲಿಲ್ಲ. ಐದನೇ ಮನೆಯಲ್ಲಿ ಒಂದೇ ಬದಿಯ ಎರಡು ತೊಳೆಗಳ ಬೋಲ್ಟನ್ನು ಪೂರ್ತಿ ಬಿಚ್ಚಿದ. ಅಷ್ಟು ವರ್ಷ ಒಂದನ್ನೊಂದು ಒತ್ತಿಕೊಂಡು ನಿಂತ ಮನೆ. ಮೂರನೆಯ ತೊಳೆ ಬಿಲ್ಲಿನಂತೆ ಚಿಮ್ಮಿ ಅವನನ್ನು ಬಳೆಗೆ ಅಪ್ಪಳಿಸಿತು. ಮನೆಯ ನೆತ್ತಿ ಅವನ ಮೇಲೆ ಕುಸಿಯಿತು.

ಬಸ್ಸಿಳಿದು ಗುಡ್ಡ ಹತ್ತುತ್ತಿದ್ದ ಬೋಲ್ಟಕ್ಕನಿಗೆ ಎದುರಿಗೆ ಆಂಬುಲೆನ್ಸ್ ಸಿಕ್ಕಿತು. ಒಳಗೆ ಯಾರೆಂದು ಗೊತ್ತಾದಾಗ ಅವಳು ಬಂದ ದಾರಿಯಲ್ಲೇ ತಿರುಗಿ ಇಳಿದಳು.

ಕಾಲರ್ ಮೂಳೆ, ಎರಡು ಪಕ್ಕೆಲುಬು, ಬಲಗೈ ಮೊಣಕೈ. ಬಣ್ಣದವನ ಬಲಗೈ. ಆಸ್ಪತ್ರೆಗೆ ಹೋದಾಗ ಅವನು ಗೋಡೆಯ ಕಡೆ ತಿರುಗಿ ಮಲಗಿದ್ದ.

"ನಿನಗೆ ಯಾವನೋ ಒಳಗೆ ಹೋಗು ಅಂದದ್ದು? ಮೂವತ್ತು ವರ್ಷದಿಂದ ಒಂದು ಸಲಾನಾದ್ರೂ ಒಳಗೆ ಕೈ ಹಾಕಿದ್ಯಾ? ಬುದ್ಧಿ ಇದ್ದಿದ್ರೆ ನನ್ನ ಕೇಳಬೇಕಿತ್ತು!" ಭಯವಾದರೂ ಅವಳ ಗಂಟಲಿನಿಂದ ಬೈಗುಳವೇ ಬರುವುದು.

ಅವನು ತಿರುಗಿ ನೋಡಿದ. "ಕೇಳಿದ್ರೆ ಹೇಳ್ತಿದ್ಯಾ ಅಕ್ಕಾ?"

ಅವನು ಮತ್ತೆ ಗೋಡೆಯ ಕಡೆ ತಿರುಗಿದ. ಅದೇ ಕೊನೆ, ಅವನು ಅವಳೊಡನೆ ಮಾತು ಬಿಟ್ಟ.

ಮರುದಿನ ಬೆಳಿಗ್ಗೆ ಬೋಲ್ಟಕ್ಕ ಯಾವ ಷರತ್ತೂ ಇಲ್ಲದೆ ಗುತ್ತಿಗೆದಾರನ ಮುಂದೆ ಹೋಗಿ ನಿಂತಳು. "ಗ್ರೈಂಡರ್ ಒಳಗಿಡು. ಒಂದು ಕಂಬ, ಎರಡು ಜಾಕ್, ಸೀಮೆಸುಣ್ಣ ಕೊಡು. ನಾನು ಹೇಳಿದ ಹೊರತು ಯಾರೂ ಉಸಿರೂ ಬಿಡಬಾರದು."

ಆ ಐದು ವಾರ ಗುಡ್ಡದ ಮೇಲೆ ಅವಳ ಗಂಟಲಿನದೇ ರಾಜ್ಯ. ತೊಳೆಗಳಿಗೆ ಅಂಕಿ ಬರೆಸಿದಳು, ರಬ್ಬರನ್ನು ಸುರುಳಿ ಸುತ್ತಿಸಿದಳು. ಆಳುಗಳು ಅವಳ ಬೈಗುಳಕ್ಕೆ ಬೆಳಿಗ್ಗೆ ಹೆದರುತ್ತಿದ್ದರು, ಸಂಜೆ ನಗುತ್ತಿದ್ದರು. ತನ್ನ ಏಳನೇ ಮನೆಯನ್ನು ಕೊನೆಗೆ ಇಟ್ಟುಕೊಂಡಳು. ನೆತ್ತಿಯ ಮೊದಲ ತೊಳೆ ಕ್ರೇನಿಗೆ ಜೋತು ಮೇಲೆದ್ದಾಗ, ಗಂಡ ಪೆನ್ಸಿಲಿನಲ್ಲಿ ಗೀಚಿದ್ದ ಲಾರಿ ಕಿಲೋಮೀಟರಿನ ಲೆಕ್ಕ, ಅತ್ತೆ ಮಲಗುತ್ತಿದ್ದ ಕಡೆ ತಲೆ ತಾಗಿ ಆಗಿದ್ದ ಎಣ್ಣೆ ಕಲೆ ಎಲ್ಲಕ್ಕೂ ಒಮ್ಮೆಲೇ ಬಿಸಿಲು ಬಿತ್ತು. ಆಳೊಬ್ಬ ಕಲೆ ಒರೆಸಲು ಬಟ್ಟೆ ತೆಗೆದ. ಅವಳು ನೋಡಿದ ನೋಟಕ್ಕೆ ಬಟ್ಟೆಯನ್ನು ಹಾಗೇ ಜೇಬಿಗೆ ತುರುಕಿಕೊಂಡ.

ಮನೆಯೂ ಸಿಕ್ಕಿತು. ಸಿಕ್ಕ ಬಗೆಗೇ ಅವಳಿಗೆ ಹೆಚ್ಚು ಸಿಟ್ಟು. ಬಣ್ಣದಣ್ಣ ಬಿದ್ದ ಸುದ್ದಿ ಪತ್ರಿಕೆಯಲ್ಲಿ ಬಂತು. ಮೇಡಂ ತಮ್ಮ ಮೇಲಿನವರ ಮಾತು ಮೀರಿ, ಅಲ್ಲಿ ಸಂಸಾರಗಳಿವೆ ಎಂದು ತಾವೇ ಪತ್ರಿಕೆಯವರಿಗೆ ಹೇಳಿದರು. ನಾಲ್ಕೇ ದಿನದಲ್ಲಿ ಇಲಾಖೆಗೆ ರಸ್ತೆ ಕೆಲಸಗಾರರ ಹಳೆಯ ವಸತಿ ನೆನಪಾಯಿತು. ಒಂದೇ ಪಡಸಾಲೆ, ಸಾಲಾಗಿ ನಾಲ್ಕು ಬಾಗಿಲು, ಒಂದು ಬಾಗಿಲಿಗೆ ಎರಡು ಕೋಣೆ.

"ಈ ಬಾಗಿಲುಗಳು ಮೊದಲೂ ಇದ್ವಲ್ರೀ" ಎಂದು ಬೀಗದ ಕೈ ಕೊಡಲು ಬಂದ ಆ ಗುಮಾಸ್ತನ ಮುಖದ ಮೇಲೇ ಕೇಳಿದಳು. "ಒಬ್ಬನ ಮೂಳೆ ಮುರಿಯೋವರೆಗೂ ನಿಮ್ಮ ಫೈಲಿಗೆ ಕಾಲು ಬರಲಿಲ್ವಾ?"

ಗುಮಾಸ್ತ ಸಹಿ ಹಾಕುವ ಜಾಗ ತೋರಿಸಿದ. ಅವಳು ಕಾಗದ ಹರಿಯುವಷ್ಟು ಒತ್ತಿ ಸಹಿ ಹಾಕಿದಳು. ಬಣ್ಣದಣ್ಣನ ಸಂಸಾರಕ್ಕೆ ಪಕ್ಕದ ಬಾಗಿಲು ಬಂತು. ಅವನ ಹೆಂಡತಿ ಬಂದು ಹೋಗಿ ಮಾಡುತ್ತಿದ್ದಳು, "ಅವರು ಹಾಗೇ ಅಕ್ಕಾ, ಸರಿಹೋಗ್ತಾರೆ" ಎನ್ನುತ್ತಿದ್ದಳು. ಅವನು ಎದುರಾದರೆ ಗೋಡೆಗೆ ಅಂಟಿಕೊಂಡು ದಾಟಿಹೋಗುತ್ತಿದ್ದ. ಅವನ ಬಲಗೈ ಭುಜದ ಮೇಲಕ್ಕೆ ಏಳುತ್ತಿರಲಿಲ್ಲ. ಬೋಲ್ಟಕ್ಕ ಯಾರನ್ನು ಬೈದರೂ ಆ ಕೈ ಕಂಡಾಗ ಸುಮ್ಮನಾಗುತ್ತಿದ್ದಳು. ಆ ಸಿಟ್ಟನ್ನು ಹೊರಗೆ ಹಾಕಲು ಯಾರೂ ಸಿಗುತ್ತಿರಲಿಲ್ಲ. ಅದು ತನ್ನ ಮೇಲೆಯೇ ಇದ್ದದ್ದು.

ವಸ್ತುಸಂಗ್ರಹಾಲಯದಲ್ಲಿ ಮೊದಲು ಎರಡು ಮನೆಗಳನ್ನು ನಿಲ್ಲಿಸುವುದೆಂದಾಯಿತು, ಮೂರನೆಯದು ಮತ್ತು ಏಳನೆಯದು. ಜೋಡಿಸಲು ಬೋಲ್ಟಕ್ಕನನ್ನೇ ಕರೆದರು. ಹೋಗಿ ನೋಡಿದರೆ ಮೂರನೆಯದನ್ನು ಉಜ್ಜಿ ಉಜ್ಜಿ, ಅವಳು ಹಚ್ಚಿದ ತೇಪೆಗಳನ್ನೆಲ್ಲ ಕೆರೆದು ತೆಗೆದು, ಹೊಳೆಯುವ ಬಣ್ಣ ಹೊಡೆದಿದ್ದರು. ಮೂಲ ಸ್ಥಿತಿಗೆ ತಂದಿದ್ದೇವೆ ಎಂದರು ಮೇಡಂ.

"ಮೂಲ ಸ್ಥಿತೀಲಿ ಬಿಟ್ಟಿದ್ರೆ ನಿಮಗೆ ಸಿಗ್ತಾ ಇದ್ದದ್ದು ಒಂದು ಚೀಲ ಪುಡಿ" ಎಂದಳು ಬೋಲ್ಟಕ್ಕ. "ಆರು ತಿಂಗಳು ಅಧಿಕಾರಿಗಳು ಇದ್ದದ್ದು ಚರಿತ್ರೆ, ನಾವು ನಲವತ್ತು ವರ್ಷ ಇದ್ದದ್ದು ಕೊಳೆಯಾ? ಏಳನೇದರ ಮೇಲೆ ಉಜ್ಜೋ ಕಾಗದ ಇಟ್ರೆ ನಾನು ಈ ಕ್ಷಣವೇ ಹೊರಟೆ."

ಮೇಡಂ ಏಳನೆಯದರ ಒಂದು ತೇಪೆಯ ಮೇಲೆ ಬೆರಳಾಡಿಸಿದರು. ಆಮೇಲೆ ಏಳನೆಯದನ್ನು ಹಾಗೇ ಬಿಡಲು ಹೇಳಿದರು. ಒಳಗಿನ ಎಣ್ಣೆ ಕಲೆಯೂ ಉಳಿಯಿತು.

ತೋಟ ಜನರಿಗೆ ತೆರೆದ ದಿನ ಮೇಡಂ ನಾಲ್ಕೂ ಸಂಸಾರಗಳಿಗೆ ಬಸ್ಸು ಕಳಿಸಿದ್ದರು. ಬಣ್ಣದಣ್ಣ ಹಿಂದಿನ ಸೀಟಿನಲ್ಲಿ ಕೂತು ಬಂದ. ಏಳನೇ ಮನೆಯ ಸುತ್ತ ಹಗ್ಗ ಕಟ್ಟಿತ್ತು. ಫಲಕದಲ್ಲಿ ಅದನ್ನು ರೂಪಿಸಿದವನ ಹೆಸರು, ಕಾರ್ಖಾನೆಯ ಹೆಸರು, ತರಿಸಿದ ಕರ್ನಲನ ಹೆಸರು. ಒಬ್ಬ ಹೆಂಗಸು ಮಾರ್ಗದರ್ಶಕನನ್ನು ಕೇಳಿದಳು: "ಇದರಲ್ಲಿ ನಿಜವಾಗ್ಲೂ ಜನ ಇದ್ರಾ?"

"ಇಲ್ಲ ಮೇಡಂ. ಸ್ವಲ್ಪ ದಿನ ಪ್ರಯೋಗಕ್ಕೆ ಅಂತ ಬಳಸಿದ್ರು ಅಷ್ಟೆ" ಎಂದ ಅವನು. ಅವನಿಗೆ ಕೊಟ್ಟ ಕಾಗದದಲ್ಲಿ ಹಾಗೇ ಇತ್ತು.

ಬೋಲ್ಟಕ್ಕ ಹಗ್ಗವನ್ನು ಎತ್ತಿ ಒಳಗೆ ನುಗ್ಗಿ ಮೆಟ್ಟಿಲ ಮೇಲೆ ನಿಂತಳು.

"ಯಾರ್ರೀ ಇರಲಿಲ್ಲ ಅಂದದ್ದು? ಇಗೋ ನಾನಿದ್ದೆ! ಆ ಮುದುಕಿ ಇದ್ಲು! ಆ ನೆತ್ತಿಯ ತೂತು ಕೊರೆದೋಳು ನಾನು. ಈ ತೇಪೆ ಹಾಕಿದೋಳು ನಾನು. ಪ್ರಯೋಗ ಅಂತೆ! ಹೌದು ಕಣ್ರೀ, ನಮ್ಮ ಮೇಲೆ ಮಾಡಿದ್ದು ಪ್ರಯೋಗ!"

ಕಾವಲಿನವನು ಮುಂದೆ ಬಂದ. ಮೇಡಂ ಅವನ ತೋಳು ಹಿಡಿದು ತಡೆದರು. ಜನ ಸುತ್ತ ಸೇರಿದರು. ಬೋಲ್ಟಕ್ಕ ಒಂದೊಂದೇ ಮನೆಯ ಕತೆ ಹೇಳತೊಡಗಿದಳು, ಯಾರು ಹುಟ್ಟಿದರು, ಯಾರು ಸತ್ತರು, ಯಾವ ಬಾಗಿಲು ಯಾಕೆ ಕಿರುಗುಟ್ಟುತ್ತಿತ್ತು. ಹೇಳುತ್ತ ಹೇಳುತ್ತ ಹುರುಪೇರಿತು. "ಆರನೇ ಮನೆ ಕಿಟಕಿ ಒಂದು ರಾಕ್ಷಸ ಗಾಳಿಗೆ ಒಡೆದು ಹಾರಿಹೋಯ್ತು. ಅದನ್ನ…"

"ಸುಳ್ಳು ಹೇಳಬೇಡ ಅಕ್ಕಾ."

ಗುಂಪಿನ ಹಿಂದಿನಿಂದ ಬಂದ ದನಿ. ಹತ್ತು ತಿಂಗಳಾದ ಮೇಲೆ ಬಣ್ಣದಣ್ಣ ಅವಳೊಡನೆ ಆಡಿದ ಮೊದಲ ಮಾತು.

"ಗಾಳಿಗಲ್ಲ ಅದು ಒಡೆದದ್ದು. ಭಾವ ಲಾರಿ ಹಿಂದಕ್ಕೆ ತಗೊಂಡು ಗುದ್ದಿದ್ದು. ಗುದ್ದಿ, ಗಾಳಿ ಅಂತ ವರದಿ ಬರೆಸಿದ್ದು. ಏಣಿ ಮೇಲೆ ನಾನಿದ್ದೆ. ನಾನು ನೋಡಿದೀನಿ."

ಬೋಲ್ಟಕ್ಕ ಅವನ ಕಡೆ ತಿರುಗಿದಳು. "ಸತ್ತೋರ ಮೇಲೆ ಹಾಕ್ತೀಯೇನೋ? ಏಣಿ ಮೇಲಿದ್ನಂತೆ! ನೀನು ಏಣಿ ಮೇಲೆ ನಿದ್ದೆ ಮಾಡ್ತಿದ್ದೆ!"

"ನಿದ್ದೆ ಮಾಡಿದ್ರೆ ಎಂಟು ಮನೆಗೆ ಬಣ್ಣ ಯಾರು ನಿಮ್ಮಪ್ಪ ಹೊಡೆದನಾ?"

"ಹೊಡೆದ ಬಣ್ಣ ಒಂದು ವರ್ಷವಾದ್ರೂ ನಿಂತಿತಾ?"

ಅವನು ಎಡಗೈಯಲ್ಲಿ ಹಗ್ಗ ಎತ್ತಿ ಒಳಗೆ ಬಂದು, ಗೋಡೆಯ ಮೇಲೆ ಹಳೆಯ ಬಣ್ಣ ಇನ್ನೂ ನಿಂತಿದ್ದ ಜಾಗವನ್ನು ಬೆರಳಿಟ್ಟು ತೋರಿಸಿದ. ಅವಳು ಅದು ತಾನು ಬಳಿದದ್ದೆಂದಳು. ಮೇಡಂ ಚೀಲದಿಂದ ಪುಸ್ತಕ ತೆಗೆದು ಬರೆದುಕೊಳ್ಳತೊಡಗಿದರು. ಮಾರ್ಗದರ್ಶಕ ತನ್ನ ಕಾಗದವನ್ನು ಮಡಚಿ, ಯಾರ ಪಕ್ಷ ವಹಿಸುವುದೆಂದು ತಿಳಿಯದೆ ನಿಂತ. ಅತ್ತೆ ಅಷ್ಟರಲ್ಲಿ ಇಬ್ಬರ ನಡುವೆ ನುಸುಳಿ ಒಳಗೆ ಹೋಗಿ ಕೂತಾಗಿತ್ತು.

ಜಗಳ ಅಲ್ಲಿಗೆ ಮುಗಿಯಲಿಲ್ಲ. ಬಸ್ಸಿನಲ್ಲಿ ಬಣ್ಣದಣ್ಣ ಹಿಂದಿನ ಸೀಟು ಬಿಟ್ಟು ಅವಳ ಪಕ್ಕದ ಸೀಟಿನಲ್ಲಿ ಕೂತ. ಊರು ಮುಟ್ಟುವವರೆಗೂ ಇಬ್ಬರೂ ಕಿತ್ತಾಡುತ್ತಲೇ ಇದ್ದರು.